ಪೋಸ್ಟ್‌ಪೋನ್: ‘ಮುಂದಕ್ಕೆ ಹಾಕಿದ್ದಾರೆ’ ಅನ್ನೋದನ್ನ ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯೋದು ಹೇಗೆ?

ಬಡಾವಣೆ_ಕಾರ್ಯದರ್ಶಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಿವಾಸಿಗಳ ಸಂಘದ ವಾರ್ಷಿಕ ಸಭೆ ಜೂನ್ 15ರ ಭಾನುವಾರ ನಿಗದಿಯಾಗಿತ್ತು, ಈಗ ಜೂನ್ 29ರ ಭಾನುವಾರಕ್ಕೆ ಹೋಗಿದೆ. ಕನ್ನಡದ ನೋಟಿಸಿಗೆ ತೊಂದರೆಯಿಲ್ಲ, ‘ಎರಡು ವಾರ ಮುಂದೂಡಲಾಗಿದೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕನ್ನಡ ಓದಲು ಬಾರದ ಮನೆಗಳೂ ಇರುವುದರಿಂದ ಇಂಗ್ಲಿಷ್ ಪ್ರತಿಯೂ ಬೇಕು. ಮೂರು ಕರಡು ಮಾಡಿದ್ದೇವೆ:

‘ದ ಮೀಟಿಂಗ್ ಹ್ಯಾಸ್ ಪೋಸ್ಟ್‌ಪೋನ್ಡ್ ಆನ್ 29 ಜೂನ್.’

‘ದ ಮೀಟಿಂಗ್ ಈಸ್ ಪುಟ್ ಫಾರ್ವರ್ಡ್ ಬೈ ಟೂ ವೀಕ್ಸ್.’

‘ದ ಮೀಟಿಂಗ್ ಈಸ್ ಡಿಲೇಡ್ ಟು 29 ಜೂನ್.’

ಇವುಗಳಲ್ಲಿ ಯಾವುದು ಸರಿ? ಇನ್ನೊಂದು ವಿಷಯ. ಪೋಸ್ಟ್‌ಪೋನ್, ಪುಟ್ ಆಫ್, ಡಿಲೇ, ಡಿಫರ್, ಅಡ್ಜರ್ನ್, ಎಲ್ಲಕ್ಕೂ ನಿಘಂಟಿನಲ್ಲಿ ‘ಮುಂದೂಡು’ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು ಎಂದು ಬಲ್ಲವರು ತಿಳಿಸಿ.

ಪಾಠದಮನೆ:

ಮೂರರಲ್ಲಿ ಯಾವುದನ್ನೂ ಹಾಗೇ ಅಂಟಿಸಬೇಡಿ ಸರ್. ಎರಡನೆಯದಂತೂ ಜನರನ್ನು ತಪ್ಪು ದಿನಕ್ಕೆ ಕರೆತರುತ್ತದೆ. ಮೊದಲನೆಯದರಲ್ಲಿ ಎರಡು ತಪ್ಪುಗಳಿವೆ, ಎರಡೂ ಕನ್ನಡ ಮಾತಾಡುವವರಿಂದ ಪದೇ ಪದೇ ಆಗುವಂಥವು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಮಾತಾಡುವಾಗ ‘ಎಕ್ಸಾಂ ಪೋಸ್ಟ್‌ಪೋನ್ ಆಗಿದೆ’ ಅನ್ನುತ್ತೇವೆ, ‘ಪೋಸ್ಟ್‌ಪೋನ್ ಮಾಡಿದ್ದಾರೆ’ ಅಂತಲೂ ಅನ್ನುತ್ತೇವೆ. ಕನ್ನಡದಲ್ಲಿ ‘ಆಗು’, ‘ಮಾಡು’ ಸೇರಿಸಿದರೆ ಯಾವ ಇಂಗ್ಲಿಷ್ ಪದವನ್ನಾದರೂ ಎರಡು ಥರ ಬಳಸಬಹುದು. ಇಂಗ್ಲಿಷಿನ ಪೋಸ್ಟ್‌ಪೋನ್‌ಗೆ ಆ ಸೌಲಭ್ಯವಿಲ್ಲ. ಅದು ಬರೀ ‘ಮಾಡು’ ಜಾತಿಯ ಕ್ರಿಯಾಪದ, ಅಂದರೆ ಸಕರ್ಮಕ. ಸಭೆ ತಾನಾಗಿ ಪೋಸ್ಟ್‌ಪೋನ್ ಆಗುವುದಿಲ್ಲ, ಯಾರೋ ಅದನ್ನು ಪೋಸ್ಟ್‌ಪೋನ್ ಮಾಡುತ್ತಾರೆ. ಹಾಗಾಗಿ ‘ಆಗಿದೆ’ ಅನ್ನಬೇಕಿದ್ದಲ್ಲಿ ಕರ್ಮಣಿ ಪ್ರಯೋಗವೇ ಬೇಕು: ‘ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್’. ನಿಮ್ಮ ಕರಡಿನಲ್ಲಿ ಆ ‘ಬೀನ್’ ಬಿಟ್ಟುಹೋಗಿದೆ. ‘ಮಾಡಿದರು’ ಅನ್ನಬೇಕಿದ್ದರೆ ‘ದ ಕಮಿಟಿ ಹ್ಯಾಸ್ ಪೋಸ್ಟ್‌ಪೋನ್ಡ್ ದ ಮೀಟಿಂಗ್’. ‘ಆಗಿದೆ’ ಕಂಡಲ್ಲಿ ‘ಬೀನ್’ ಹಾಕಿ ಎಂದು ನೆನಪಿಟ್ಟುಕೊಂಡರೆ ಅರ್ಧ ತಪ್ಪು ನಿಲ್ಲುತ್ತದೆ.

ಎರಡನೆಯದು ‘ಆನ್’. ‘ಪೋಸ್ಟ್‌ಪೋನ್ಡ್ ಆನ್ 29 ಜೂನ್’ ಅಂದರೆ ಮುಂದೂಡುವ ತೀರ್ಮಾನ 29ರಂದು ಆಯಿತು ಎಂದರ್ಥ, ಸಭೆ 29ಕ್ಕೆ ಎಂದಲ್ಲ. ಇಲ್ಲಿ ಕನ್ನಡದ ವಿಭಕ್ತಿಯೇ ದಾರಿ ತೋರಿಸುತ್ತದೆ. ‘29ರಂದು’ ಅಂದರೆ ಆನ್, ‘29ಕ್ಕೆ’ ಅಂದರೆ ಟು. ‘15ರಿಂದ 29ಕ್ಕೆ’ ಅಂದರೆ ಫ್ರಮ್ 15 ಟು 29. ಟು ಬದಲು ‘ಅನ್‌ಟಿಲ್ 29 ಜೂನ್’ ಅಂದರೂ ಸರಿ, ಆಗ ಸಭೆ 29ರಂದೇ ನಡೆಯುತ್ತದೆ. ನಮ್ಮ ‘29ರವರೆಗೆ’ ಎಂಬುದನ್ನು ಕೆಲವರು 30 ಎಂದು ಎಣಿಸುವುದುಂಟು, ಪೋಸ್ಟ್‌ಪೋನ್ ಜೊತೆ ಬರುವ ಅನ್‌ಟಿಲ್‌ಗೆ ಆ ಅನುಮಾನವಿಲ್ಲ. ‘ಬೈ’ ಬಂದರೆ ಅದರ ಮುಂದೆ ಅವಧಿ ಬರಬೇಕು, ದಿನಾಂಕವಲ್ಲ: ಬೈ ಟೂ ವೀಕ್ಸ್, ಅಥವಾ ಫಾರ್ ಟೂ ವೀಕ್ಸ್. ‘ಪೋಸ್ಟ್‌ಪೋನ್ಡ್ ಬೈ 29 ಜೂನ್’ ಎಂಬುದು ತಪ್ಪು.

ಪೋಸ್ಟ್‌ಪೋನ್ ಆದಮೇಲೆ ಇನ್ನೊಂದು ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ರೂಪ ಬೇಕು. ‘ದೇ ಪೋಸ್ಟ್‌ಪೋನ್ಡ್ ಪೇಂಟಿಂಗ್ ದ ಬಿಲ್ಡಿಂಗ್’ ಸರಿ, ‘ಪೋಸ್ಟ್‌ಪೋನ್ಡ್ ಟು ಪೇಂಟ್’ ತಪ್ಪು. ಪುಟ್ ಆಫ್, ಡಿಲೇ, ಡಿಫರ್ ಮೂರಕ್ಕೂ ಇದೇ ನಿಯಮ.

ಸ್ಪೆಲಿಂಗಿನಲ್ಲಿ ಜಾರುವುದು ಒಂದೇ ಕಡೆ. ‘ಪೋಸ್ಟ್‌ಪೋನ್ಡ್’ ಎಂದು ಕೇಳಿಸಿಕೊಂಡು ಮೂಲ ಪದವೇ ಡಿ ಅಕ್ಷರದಿಂದ ಮುಗಿಯುತ್ತದೆ ಎಂದುಕೊಂಡು, ಅದಕ್ಕೆ ಮತ್ತೊಂದು ‘ಎಡ್’ ಸೇರಿಸಿ ‘ಪೋಸ್ಟ್‌ಪೋಂಡೆಡ್’ ಮಾಡುತ್ತಾರೆ. ಮೂಲ ಪದ ಎನ್, ಇ ಅಕ್ಷರಗಳಿಂದ ಮುಗಿಯುತ್ತದೆ. ಭೂತಕಾಲಕ್ಕೆ ಡಿ ಒಂದನ್ನೇ ಸೇರಿಸಿದರೆ ಸಾಕು, ಎನ್ ಅನ್ನು ಎರಡು ಮಾಡುವುದೂ ಬೇಡ. ಉಚ್ಚಾರಣೆಯಲ್ಲಿ ಒತ್ತು ‘ಪೋನ್’ ಮೇಲೆ ಬೀಳುತ್ತದೆ. ಮಾತಿನ ಓಟದಲ್ಲಿ ಮಧ್ಯದ ಟಕಾರ ಬಿದ್ದು ‘ಪೋಸ್‌ಪೋನ್’ ಆಗುವುದು ಇಂಗ್ಲಿಷಿನವರಲ್ಲೂ ಇದೆ, ಅದನ್ನು ತಪ್ಪೆಂದು ಯಾರೂ ತಿದ್ದಬೇಕಿಲ್ಲ.

ಕರಡು_ತಿದ್ದುವವರು:

ಎರಡನೆಯ ಕರಡಿನ ಬಗ್ಗೆ ವಿವರವಾಗಿ ಬರೆಯುತ್ತೇನೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದಕ್ಕಿಂತ ದುಬಾರಿಯಾದ ತಪ್ಪು ಕಡಿಮೆ.

ಕನ್ನಡದಲ್ಲಿ ಕಾಲ ನಮ್ಮೆದುರಿಗೆ ಹರಡಿಕೊಂಡಿದೆ. ಮುಂದಿನ ವಾರ ಅಂದರೆ ಬರಲಿರುವ ವಾರ, ಹಿಂದಿನ ವಾರ ಅಂದರೆ ಕಳೆದದ್ದು. ಆದ್ದರಿಂದ ಸಭೆಯನ್ನು ‘ಮುಂದಕ್ಕೆ’ ದೂಡಿದರೆ ಅದು ತಡವಾಗುತ್ತದೆ. ದಿನಾಂಕ ಬದಲಿಸುವ ಮಾತಿನಲ್ಲಿ ಇಂಗ್ಲಿಷ್ ಇದರ ತಿರುವುಮುರುವು. ‘ಬ್ರಿಂಗ್ ಫಾರ್ವರ್ಡ್’, ‘ಪುಟ್ ಫಾರ್ವರ್ಡ್’ ಅಂದರೆ ನಿಗದಿಗಿಂತ ಮುಂಚೆ ಮಾಡುವುದು. ‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’ ಅಂದರೆ ತಡಮಾಡುವುದು. ಅಲ್ಲಿ ಸಭೆ ಸಾಲಿನಲ್ಲಿ ನಿಂತ ಮನುಷ್ಯನಿದ್ದಂತೆ. ಅವನನ್ನು ನಮ್ಮ ಹತ್ತಿರಕ್ಕೆ ಕರೆದರೆ ಫಾರ್ವರ್ಡ್, ಸಾಲಿನ ಹಿಂದಕ್ಕೆ ಕಳಿಸಿದರೆ ಬ್ಯಾಕ್. ನಮ್ಮ ‘ಮುಂದಕ್ಕೆ ಹಾಕಿದ್ದಾರೆ’ಯನ್ನು ಪದಕ್ಕೆ ಪದ ಇಟ್ಟು ‘ಪುಟ್ ಫಾರ್ವರ್ಡ್ ಬೈ ಟೂ ವೀಕ್ಸ್’ ಮಾಡಿದರೆ, ಓದಿದವರು 15ರಿಂದ ಎರಡು ವಾರ ಈಚೆಗೆ ಎಣಿಸಿ ಜೂನ್ 1ಕ್ಕೇ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಾರೆ. ನೀವು ಹೇಳಬೇಕಿದ್ದ ದಿನಕ್ಕೂ ಇದಕ್ಕೂ ನಾಲ್ಕು ವಾರ ಅಂತರ.

ಕನ್ನಡವೂ ಒಳಗೊಳಗೇ ಎರಡೂ ಕಡೆ ಮುಖ ಮಾಡಿದೆ, ಗಮನಿಸಿ. ‘ಹಬ್ಬದ ಮುನ್ನಾ ದಿನ’ ಅಂದರೆ ಹಬ್ಬಕ್ಕೆ ಮೊದಲು ಬರುವ ದಿನ, ‘ಹಬ್ಬದ ಮುಂದಿನ ದಿನ’ ಅಂದರೆ ಆಮೇಲಿನದು. ಮುನ್ನ, ಮುಂಚೆ, ಮುಂದೆ ಎಲ್ಲವೂ ಒಂದೇ ಬೇರಿನವು. ಈ ಗೊಂದಲ ಇಂಗ್ಲಿಷ್ ಮಾತೃಭಾಷೆಯವರಿಗೂ ತಪ್ಪಿದ್ದಲ್ಲ. ‘ಬುಧವಾರದ ಸಭೆಯನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದೆ, ಈಗ ಯಾವ ದಿನ?’ ಎಂದು ಕೇಳಿದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಭಾಷಾವಿಜ್ಞಾನಿಗಳು, ಮನೋವಿಜ್ಞಾನಿಗಳು ಬಹಳ ಬಳಸಿರುವ ಪ್ರಶ್ನೆ ಇದು. ‘ಮೂವ್’ ಜೊತೆ ಫಾರ್ವರ್ಡ್ ಬಂದರೆ ಎರಡು ಅರ್ಥಕ್ಕೂ ಎಡೆಯಿದೆ, ‘ಬ್ರಿಂಗ್’ ಜೊತೆ ಬಂದರೆ ಮುಂಚಿತವಾಗಿ ಎಂಬ ಒಂದೇ ಅರ್ಥ.

ನೋಟಿಸಿನಲ್ಲಿ ಫಾರ್ವರ್ಡ್, ಬ್ಯಾಕ್ ಎರಡನ್ನೂ ಬಳಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪೋಸ್ಟ್‌ಪೋನ್‌ನಲ್ಲಿ ದಿಕ್ಕಿನ ಗೊಂದಲವೇ ಇಲ್ಲ. ಲ್ಯಾಟಿನ್‌ನ ‘ಪೋಸ್ಟ್’ ಅಂದರೆ ಆಮೇಲೆ, ‘ಪೊನೇರೆ’ ಅಂದರೆ ಇಡು. ಆಮೇಲಕ್ಕೆ ಇಡುವುದು, ಅಷ್ಟೇ.

ಇದಕ್ಕೆ ಜೋಡಿಯಾಗಿ ನಾವು ಬಳಸುವ ‘ಪ್ರಿಪೋನ್’ ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ, ದೊಡ್ಡ ನಿಘಂಟುಗಳೂ ಅದನ್ನು ಭಾರತೀಯ ಇಂಗ್ಲಿಷ್ ಎಂದು ಗುರುತಿಸಿ ಸೇರಿಸಿಕೊಂಡಿವೆ. ಅದನ್ನು ಕೀಳಾಗಿ ಕಾಣಬೇಕಾದ್ದಿಲ್ಲ, ಒಂದೇ ಪದದಲ್ಲಿ ಸ್ಪಷ್ಟವಾಗಿ ಕೆಲಸ ಮುಗಿಸುತ್ತದೆ. ಆದರೆ ಲಂಡನ್ನಿಗೋ ಚಿಕಾಗೋಗೋ ಹೋಗುವ ಮೇಲ್‌ನಲ್ಲಿ ‘ಬ್ರಾಟ್ ಫಾರ್ವರ್ಡ್ ಟು 1 ಜೂನ್’ ಎಂದು ದಿನಾಂಕ ಸಮೇತ ಬರೆಯುವುದು ಕ್ಷೇಮ.

ಅಮೆರಿಕದವರ ಜೊತೆ ಕೆಲಸ ಮಾಡುವವರು ಇನ್ನೊಂದನ್ನೂ ಗಮನದಲ್ಲಿಟ್ಟುಕೊಳ್ಳಿ: ‘ಟೇಬಲ್’. ಬ್ರಿಟನ್ನಿನಲ್ಲಿ, ನಮ್ಮಲ್ಲಿ ‘ಟೇಬಲ್ ಅ ಬಿಲ್’ ಅಂದರೆ ಮಂಡಿಸುವುದು. ಅಮೆರಿಕದಲ್ಲಿ ಅದೇ ಮಾತಿಗೆ ಚರ್ಚೆಯನ್ನು ಬದಿಗಿಡುವುದು ಎಂದರ್ಥ. ಒಂದೇ ಕರೆಯಲ್ಲಿ ಒಬ್ಬರು ‘ಈಗಲೇ ಮಾತಾಡೋಣ’ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ‘ಇದು ಇವತ್ತಿಗೆ ಬೇಡ’ ಅಂದುಕೊಳ್ಳುತ್ತಾರೆ.

ಸಂಜೆಮಳೆ:

ಮೂರನೆಯ ಕರಡಿನ ಡಿಲೇ ಬಗ್ಗೆ. ಡಿಲೇ ಅಂದರೆ ವಿಳಂಬ, ತಡ. ಯಾರೂ ತೀರ್ಮಾನಿಸದೆಯೂ ಅದು ಆಗಬಹುದು. ರೈಲು ಡಿಲೇ ಆಗುತ್ತದೆ, ವಿಮಾನ ಮಂಜಿನಿಂದ ಡಿಲೇ ಆಗುತ್ತದೆ. ‘ಟ್ರೈನ್ ಪೋಸ್ಟ್‌ಪೋನ್ ಆಯ್ತು’ ಅನ್ನುವುದಿಲ್ಲ. ಹೊರಡುವ ನಿಲ್ದಾಣದಲ್ಲೇ ಸಮಯ ಬದಲಿಸಿದ್ದರೆ ರೈಲ್ವೆಯವರು ‘ರೀಶೆಡ್ಯೂಲ್ಡ್’ ಎಂದು ತೋರಿಸುತ್ತಾರೆ. ಪೋಸ್ಟ್‌ಪೋನ್‌ಗೆ ಎರಡು ಶರತ್ತುಗಳಿವೆ: ಕಾರ್ಯಕ್ರಮ ಇನ್ನೂ ಶುರುವಾಗಿರಬಾರದು, ಬೇರೆ ದಿನ ನಡೆಸುವ ಉದ್ದೇಶ ಇರಬೇಕು. ಹೊಸ ದಿನ ಗೊತ್ತಿರಲೇಬೇಕು ಎಂದೇನಿಲ್ಲ.

ಕರ್ನಾಟಕದ ದ್ವಿತೀಯ ಪಿಯುಸಿ ಪರೀಕ್ಷೆಯನ್ನೇ ನೋಡಿ. 2020ರ ಮಾರ್ಚ್ 23ರಂದು ನಡೆಯಬೇಕಿದ್ದ ಇಂಗ್ಲಿಷ್ ಪತ್ರಿಕೆಯನ್ನು ಕೋವಿಡ್ ಕಾರಣಕ್ಕೆ ಮುಂದೂಡಿ ಕೊನೆಗೆ ಜೂನ್ 18ಕ್ಕೆ ನಡೆಸಿದರು. ಮಧ್ಯದ ಅಷ್ಟು ದಿನ ಅದು ಪೋಸ್ಟ್‌ಪೋನ್ಡ್. 2021ರಲ್ಲಿ ಮೊದಲು ಪೋಸ್ಟ್‌ಪೋನ್ ಮಾಡಿದರು, ಆಮೇಲೆ ಪರೀಕ್ಷೆಯನ್ನೇ ರದ್ದು ಮಾಡಿದರು. ಆ ಎರಡನೆಯ ತೀರ್ಮಾನದಿಂದಾಚೆಗೆ ಪದ ‘ಕ್ಯಾನ್ಸಲ್ಡ್’, ಆಡುಮಾತಿನಲ್ಲಿ ‘ಕಾಲ್ಡ್ ಆಫ್’. ಪುಟ್ ಆಫ್, ಕಾಲ್ ಆಫ್ ಎರಡರಲ್ಲೂ ‘ಆಫ್’ ಇದೆಯೆಂದು ಒಂದೇ ಅಂದುಕೊಳ್ಳುವವರಿದ್ದಾರೆ. ಪುಟ್ ಆಫ್‌ನಲ್ಲಿ ಮದುವೆ ಇನ್ನೊಂದು ಮುಹೂರ್ತಕ್ಕೆ, ಕಾಲ್ ಆಫ್‌ನಲ್ಲಿ ಮದುವೆಯೇ ಇಲ್ಲ.

ಶುರುವಾದದ್ದನ್ನು ನಡುವೆ ನಿಲ್ಲಿಸಿದರೆ ‘ಸಸ್ಪೆಂಡ್’. 2025ರ ಮೇ ತಿಂಗಳಲ್ಲಿ ಐಪಿಎಲ್ ಟೂರ್ನಿಯನ್ನು ಒಂದು ವಾರ ನಿಲ್ಲಿಸಿದಾಗ ಬಿಸಿಸಿಐ ಬಳಸಿದ ಪದ ಅದೇ.

ಪುಟ್ ಆಫ್ ಮಾತಿನ ಪದ. ಮನೆಯಲ್ಲಿ, ಗೆಳೆಯರಲ್ಲಿ ಸಹಜ, ಸಂಘದ ನೋಟಿಸಿಗೆ ಪೋಸ್ಟ್‌ಪೋನ್ ಮೇಲು. ಪುಟ್ ಆಫ್‌ನ ಮಧ್ಯೆ ಕರ್ಮಪದ ಸೇರಿಸಬಹುದು: ‘ಪುಟ್ ದ ಮೀಟಿಂಗ್ ಆಫ್’. ‘ಇಟ್’ ಥರದ ಸರ್ವನಾಮವಾದರೆ ಮಧ್ಯದಲ್ಲೇ ಬರಬೇಕು. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಮನುಷ್ಯರನ್ನೂ ಪುಟ್ ಆಫ್ ಮಾಡಬಹುದು, ಪೋಸ್ಟ್‌ಪೋನ್ ಮಾಡಲಾಗದು. ಕೊಟ್ಟ ಸಾಲ ಕೇಳಲು ಬಂದವನನ್ನು ‘ನಾಳೆ ಬನ್ನಿ’ ಎಂದು ಸಾಗಹಾಕುವುದಕ್ಕೆ ‘ಪುಟ್ ಹಿಮ್ ಆಫ್’ ಅನ್ನುತ್ತಾರೆ. ಇದೇ ಮಾತಿಗೆ ಮನಸ್ಸು ಮುರಿಯುವುದು, ಹೇಸಿಗೆ ಹುಟ್ಟಿಸುವುದು ಎಂಬ ಅರ್ಥವೂ ಇದೆ: ‘ದ ಸ್ಮೆಲ್ ಪುಟ್ ಮಿ ಆಫ್’ ಅಂದರೆ ಆ ವಾಸನೆಗೆ ಊಟವೇ ಬೇಡವೆನಿಸಿತು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು.

ಪ್ರೊಕ್ರಾಸ್ಟಿನೇಟ್ ಅನ್ನೂ ಪೋಸ್ಟ್‌ಪೋನ್ ಬದಲು ಹಾಕುವವರಿದ್ದಾರೆ, ದಯವಿಟ್ಟು ಬೇಡ. ಲ್ಯಾಟಿನ್‌ನಲ್ಲಿ ‘ಕ್ರಾಸ್’ ಅಂದರೆ ನಾಳೆ. ಮಾಡಲೇಬೇಕಾದ ಕೆಲಸವನ್ನು ಸೋಮಾರಿತನಕ್ಕೋ ಅಳುಕಿಗೋ ನಾಳೆ ನಾಳೆ ಎಂದು ತಳ್ಳುವ ಸ್ವಭಾವಕ್ಕೆ ಈ ಪದ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ‘ನಾಳೆ’ ಈ ಪದದ ಹೊಟ್ಟೆಯಲ್ಲೇ ಇದೆ. ‘ದ ಕಮಿಟಿ ಪ್ರೊಕ್ರಾಸ್ಟಿನೇಟೆಡ್’ ಎಂದು ಬರೆದರೆ ಸಮಿತಿಯನ್ನು ನೇರವಾಗಿ ಬೈದಂತೆ.

ಬಡಾವಣೆ_ಕಾರ್ಯದರ್ಶಿ:

ಬಹಳ ಉಪಕಾರವಾಯಿತು. ‘ಆನ್’ ಮತ್ತು ‘ಫಾರ್ವರ್ಡ್’ ಎರಡೂ ತಪ್ಪೆಂದು ಗೊತ್ತೇ ಇರಲಿಲ್ಲ. ಅಡ್ಜರ್ನ್ ಮತ್ತು ಡಿಫರ್ ಉಳಿದವು. ಸಂಘದ ಹಳೆಯ ನಡವಳಿ ಪುಸ್ತಕದಲ್ಲಿ ‘ಅಡ್ಜರ್ನ್ಡ್ ಮೀಟಿಂಗ್’ ಎಂದಿದೆ, ಹಾಗಾಗಿ ಈ ನೋಟಿಸಿನಲ್ಲೂ ಅದನ್ನೇ ಹಾಕಬೇಕೆಂದು ಕೆಲವು ಸದಸ್ಯರು ಹೇಳುತ್ತಿದ್ದಾರೆ.

ವಾಯಿದೆ:

ಈ ನೋಟಿಸಿಗೆ ಅಡ್ಜರ್ನ್ ಬೇಡ ಸರ್. ಕೂಡಿದ ಸಭೆಯನ್ನು, ಆರಂಭವಾದ ಕಲಾಪವನ್ನು ನಿಲ್ಲಿಸಿ ಇನ್ನೊಂದು ಹೊತ್ತಿಗೆ ಹಾಕುವುದು ಅಡ್ಜರ್ನ್. ಹಳೆಯ ಫ್ರೆಂಚಿನಲ್ಲಿ ‘ಒಂದು ದಿನಕ್ಕೆ’ ಗೊತ್ತುಮಾಡುವುದು ಎಂಬ ಅರ್ಥದಿಂದ ಬಂದ ಪದ. ಸದಸ್ಯರು 15ಕ್ಕೆ ಬಂದು ಕೂತು, ಕೋರಂ (ಸಭೆ ನಡೆಸಲು ಬೇಕಾದಷ್ಟು ಸದಸ್ಯರ ಹಾಜರಿ) ಇಲ್ಲವೆಂದು ಎದ್ದುಹೋಗಿದ್ದರೆ ಅದು ಅಡ್ಜರ್ನ್. ಕಂಪನಿಗಳಿಗೆ ಇದು ಕಾಯ್ದೆಯಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 103ನೇ ಕಲಮಿನ ಪ್ರಕಾರ, ನಿಗದಿತ ಹೊತ್ತಿನಿಂದ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಿನ ವಾರದ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಅಡ್ಜರ್ನ್ ಆಗುತ್ತದೆ, ಅಥವಾ ನಿರ್ದೇಶಕ ಮಂಡಳಿ ಗೊತ್ತುಮಾಡಿದ ಬೇರೆ ದಿನ ಮತ್ತು ಜಾಗಕ್ಕೆ. ನಿಮ್ಮ ಸಂಘ ಕಂಪನಿಯಲ್ಲ, ಬೈಲಾದಲ್ಲಿ ಏನಿದೆಯೋ ಅದನ್ನು ಪಾಲಿಸಿ. ಆದರೆ ಪದಗಳ ವ್ಯತ್ಯಾಸ ಅಲ್ಲೂ ಇದೇ. ಅಡ್ಜರ್ನ್ ಆದ ಸಭೆ ಹಳೆಯ ಸಭೆಯ ಮುಂದುವರಿಕೆ, ವಿಷಯಪಟ್ಟಿಯೂ ಹಳೆಯದೇ. ಕೂಡುವ ಮೊದಲೇ ದಿನ ಬದಲಿಸಿದರೆ ಪೋಸ್ಟ್‌ಪೋನ್. ನಡವಳಿ ಪುಸ್ತಕದಲ್ಲಿ ಇದನ್ನು ಅದಲುಬದಲು ಮಾಡಿದರೆ, 15ರಂದು ಸಭೆ ಕೂಡಿತ್ತು, ಹಾಜರಾತಿ ಎಲ್ಲಿ ಎಂದು ಲೆಕ್ಕ ಪರಿಶೋಧಕರು ಕೇಳಬಹುದು.

ಕೋರ್ಟಿನಲ್ಲಿ ನಾವು ‘ವಾಯಿದೆ’ ಅನ್ನುವುದೇ ಅಡ್ಜರ್ನ್‌ಮೆಂಟ್. ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರರಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ 1ನೇ ನಿಯಮ ಹೇಳುತ್ತದೆ. ವಿಧಾನಸಭೆಯಲ್ಲಿ ಸಭಾಧ್ಯಕ್ಷರು ಸದನವನ್ನು ‘ಅನಿರ್ದಿಷ್ಟಾವಧಿಗೆ ಮುಂದೂಡಿದರು’ ಎಂದು ಪತ್ರಿಕೆ ಬರೆಯುವುದು ‘ಅಡ್ಜರ್ನ್ಡ್ ಸೈನ್ ಡೈ’ ಎಂಬುದಕ್ಕೆ, ಅಂದರೆ ಮುಂದಿನ ದಿನ ಗೊತ್ತುಮಾಡದೆ. ಅಧಿವೇಶನವನ್ನೇ ಮುಕ್ತಾಯ ಮಾಡುವುದು ‘ಪ್ರೊರೋಗ್’. ಸಂವಿಧಾನದ 174ನೇ ವಿಧಿಯಂತೆ ಆ ಅಧಿಕಾರ ರಾಜ್ಯಪಾಲರದು.

ಡಿಫರ್ ಹೆಚ್ಚಾಗಿ ಹಣ, ತೀರ್ಮಾನ, ಪ್ರವೇಶ ಇಂಥವಕ್ಕೆ. ಕಂತು ಡಿಫರ್ ಮಾಡುತ್ತಾರೆ, ಕಾಲೇಜು ಸೀಟನ್ನು ಒಂದು ವರ್ಷ ಡಿಫರ್ ಮಾಡುತ್ತಾರೆ. ಇಲ್ಲಿ ಜನ ಪೆಟ್ಟು ತಿನ್ನುವುದು ಡಿಫರ್ ಮತ್ತು ‘ವೇವ್’ (ಮನ್ನಾ ಮಾಡುವುದು) ನಡುವೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಬಿಡುವಿಗೆ ಅವಕಾಶ ಕೊಟ್ಟು, ಮುಂದೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಅದು ಡಿಫರ್‌ಮೆಂಟ್, ಮನ್ನಾ ಅಲ್ಲ. ಕಟ್ಟದೆ ಉಳಿದ ತಿಂಗಳುಗಳಿಗೂ ಬಾಕಿ ಅಸಲಿನ ಮೇಲೆ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಅದು ಬೇರೆ ಮಾತು. ಬ್ಯಾಂಕಿನ ಪತ್ರದಲ್ಲಿ ‘ಡಿಫರ್ಡ್’ ಕಂಡರೆ ಆಮೇಲೆ ಕಟ್ಟಬೇಕು, ‘ವೇವ್ಡ್’ ಕಂಡರೆ ಮಾತ್ರ ಕಟ್ಟಬೇಕಿಲ್ಲ.

‘ಡಿಫರ್ ಟು’ ಅಂದಕೂಡಲೇ ಅರ್ಥವೇ ಬದಲಾಗಬಹುದು. ‘ವಿ ಡಿಫರ್ ಟು ದ ಚೇರ್‌ಮನ್’ ಅಂದರೆ ಅಧ್ಯಕ್ಷರ ಮಾತಿಗೆ ತಲೆಬಾಗುತ್ತೇವೆ ಎಂದು. ಇನ್ನು ಭಿನ್ನವಾಗು ಎಂಬರ್ಥದ ‘ಡಿಫರ್’ ಬೇರೆಯೇ ಪದ. ಅದರಲ್ಲಿ ಎಫ್ ಎರಡು, ಒತ್ತು ಮೊದಲ ಭಾಗದ ಮೇಲೆ. ಮುಂದೂಡುವ ಡಿಫರ್‌ನಲ್ಲಿ ಎಫ್ ಒಂದೇ, ಒತ್ತು ಕೊನೆಗೆ, ಆ ಕಾರಣಕ್ಕೇ ಭೂತಕಾಲದಲ್ಲಿ ಆರ್ ಎರಡಾಗುತ್ತದೆ.

ಬಡಾವಣೆ_ಕಾರ್ಯದರ್ಶಿ:

ಈಗ ಹೀಗೆ ಮಾಡಿದ್ದೇವೆ, ಒಮ್ಮೆ ನೋಡಿ:

‘ದ ಆನ್ಯುಯಲ್ ಮೀಟಿಂಗ್ ಶೆಡ್ಯೂಲ್ಡ್ ಫಾರ್ ಸಂಡೇ, 15 ಜೂನ್, ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಬೈ ಟೂ ವೀಕ್ಸ್. ದ ಟೈಮ್ ಆಂಡ್ ವೆನ್ಯೂ ರಿಮೇನ್ಸ್ ಸೇಮ್.’

ಕರಡು_ತಿದ್ದುವವರು:

ಹತ್ತಿರ ಬಂದಿದ್ದೀರಿ. ‘ಬೈ ಟೂ ವೀಕ್ಸ್’ ವ್ಯಾಕರಣಕ್ಕೆ ಸರಿ, ಆದರೆ ಓದುವವರಿಗೆ ಲೆಕ್ಕ ಹಾಕುವ ಕೆಲಸ ಕೊಡುತ್ತದೆ. ಅದನ್ನು ತೆಗೆದು ಹೊಸ ದಿನವನ್ನೇ ಹಾಕಿ, ವಾರದ ಹೆಸರೂ ಇರಲಿ. ದಿನಾಂಕ ತಪ್ಪಾಗಿ ಅಚ್ಚಾದರೂ ವಾರ ನೋಡಿ ಯಾರಾದರೂ ಹಿಡಿಯುತ್ತಾರೆ. ಟೈಮ್, ವೆನ್ಯೂ ಎರಡು ಸೇರಿ ಬಹುವಚನ, ಆದ್ದರಿಂದ ‘ರಿಮೇನ್’. ‘ಸೇಮ್’ ಹಿಂದೆ ‘ದ’ ಬೇಕು. ಹಳೆಯ ನೋಟಿಸ್ ಎಲ್ಲರ ಕೈಯಲ್ಲಿ ಇರುವುದಿಲ್ಲ, ಹೊತ್ತು ಮತ್ತು ಜಾಗವನ್ನು ಮತ್ತೊಮ್ಮೆ ಬರೆಯಿರಿ:

‘ದ ಆನ್ಯುಯಲ್ ಮೀಟಿಂಗ್ ಶೆಡ್ಯೂಲ್ಡ್ ಫಾರ್ ಸಂಡೇ, 15 ಜೂನ್, ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಟು ಸಂಡೇ, 29 ಜೂನ್. ದ ಟೈಮ್ ಆಂಡ್ ವೆನ್ಯೂ ರಿಮೇನ್ ದ ಸೇಮ್: 10.30 ಎ.ಎಂ., ಕಮ್ಯುನಿಟಿ ಹಾಲ್.’

ಹೊತ್ತು ಮತ್ತು ಜಾಗದ ಕಡೆ ನಿಮ್ಮಲ್ಲಿರುವುದನ್ನು ಹಾಕಿಕೊಳ್ಳಿ. ಹಳೆಯ ನೋಟಿಸನ್ನು ಬೋರ್ಡಿನಿಂದ ತೆಗೆದ ಮೇಲೆಯೇ ಇದನ್ನು ಅಂಟಿಸಿ, ಎರಡೂ ಅಕ್ಕಪಕ್ಕ ಇರಬಾರದು.